ಗಂಗಕ್ಕ ಹಾಕಿದ ಹೆಸರು

ವಿಶ್ವವಿದ್ಯಾಲಯಗಳನ್ನು ವಿದ್ಯಾರ್ಥಿ ವಿನಿಮಯದ ಡಿಜಿಟಲ್ ಜಾಲಕ್ಕೆ ಸೇರಿಸುವುದು ನಮ್ಮ ಕಂಪನಿಯ ಕೆಲಸ. ಒಂದು ಸೆಮಿಸ್ಟರ್ ಪರದೇಶದಲ್ಲಿ ಓದಬೇಕೆನ್ನುವವರ ಅರ್ಜಿ ಅದರಲ್ಲೇ ಹೋಗುತ್ತದೆ. ಅಂಕ ಸರಿಯಿದ್ದರೆ ಒಪ್ಪಿಗೆ ನಿಮಿಷದಲ್ಲಿ ಬರುತ್ತದೆ. ಹಳಿಯಾಳದಲ್ಲಿ ವಿಶ್ವವಿದ್ಯಾಲಯದ ಒಂದು ಕಾಲೇಜಿನಲ್ಲಿ ಆ ದಿನ ಎಲ್ಲ ಜೋಡಿಸಿ, ಜೋಡಣೆಯ ಪರೀಕ್ಷೆಗೆಂದು ಯಾವುದಾದರೂ ಸುಳ್ಳು ಹೆಸರು ಹಾಕಿ ಒಂದು ಅರ್ಜಿ ಕಳಿಸಿರಿ ಎಂದು ಕ್ಲಾರ್ಕ್ ಗಂಗಕ್ಕನಿಗೆ ಹೇಳಿ ಚಹಾ ಕುಡಿಯಲು ಹೋದೆ.

ಮರಳಿ ಬಂದರೆ ಪರದೆಯ ಮೇಲೆ ಜರ್ಮನಿಯಿಂದ ಉತ್ತರ: ಸೀಟು ಕೊಟ್ಟಿದ್ದೇವೆ. ಜೋಡಣೆ ತೆರೆದು ನೋಡಿದೆ. ಪರೀಕ್ಷೆಯ ಜಾಲಕ್ಕೆ ಜೋಡಿಸುವ ಬದಲು ನಾನು ನಿಜವಾದ ಜಾಲಕ್ಕೇ ಜೋಡಿಸಿದ್ದೆ.

"ಅಕ್ಕಾರ, ಇದು ಯಾರ ಹೆಸರ್ರಿ?"

"ನಮ್ಮ ಮಗಳದ್ರಿ, ಇಲ್ಲೇ ಎರಡನೇ ವರ್ಷ ಓದ್ತಾಳ. ಇಪ್ಪತ್ತು ವರ್ಷ ದಾಖಲಾತಿ ಬರದೇನ್ರಿ, ಸುಳ್ಳ ಹೆಸರು ಹಾಕಾಕ ಕೈ ಏಳಲಿಲ್ಲ. ಅಂಕಾನೂ ಖರೇವ ಹಾಕೇನಿ."

ಪಕ್ಕದ ಕೋಣೆಯಲ್ಲಿ ಪ್ರಾಂಶುಪಾಲರು ಕೆಮ್ಮಿದರು. ಅರ್ಜಿ ಕಳಿಸುವ ಮೊದಲು ಕೂರಬೇಕಾದ ಕಾಲೇಜಿನ ಆಯ್ಕೆ ಸಮಿತಿ ಕೂತಿಲ್ಲ, ಯಾರ ಸಹಿಯೂ ಇಲ್ಲ. ಅವರು ಎದ್ದು ಬಂದರೆ ನನ್ನ ನೌಕರಿ ಮುಗಿದಂತೆ. ರದ್ದು ಗುಂಡಿ ಒತ್ತಿದೆ. ಆಗಲಿಲ್ಲ. ಸಿಕ್ಕ ಸೀಟನ್ನು ಯಾರೂ ಕಿತ್ತುಕೊಳ್ಳಬಾರದೆಂದು, ರದ್ದತಿಗೆ ವಿದ್ಯಾರ್ಥಿಯದೇ ಒಪ್ಪಿಗೆ ಬೇಕೆಂಬ ನಿಯಮವನ್ನು ಆ ಸಾಫ್ಟ್‌ವೇರಿನಲ್ಲಿ ಬರೆದವನು ನಾನೇ.

"ಅಕ್ಕಾರ, ಮಗಳನ್ನ ಲಗೂನ ಕರಸ್ರಿ. ರದ್ದು ಮಾಡಾಕ ಅಕಿ ಒಪ್ಪಿಗಿ ಬೇಕು."

ಗಂಗಕ್ಕ ಕನ್ನಡಕ ಹಾಕಿಕೊಂಡು ಪರದೆಯನ್ನು ಮೊದಲಿಂದ ಕೊನೆತನಕ ಓದಿದರು.

"ಕರಸ್ತೇನ್ರಿ ಸರ," ಎಂದರು. "ಆದ್ರ ಅಕಿ ಒಪ್ಪೂದಿಲ್ಲ ಬಿಡ್ರಿ."

ಆ ನಿಯಮಕ್ಕೆ ಕಂಪನಿಯವರು ನನಗೆ ಶಾಲು ಹೊದಿಸಿದ್ದರು.