ಗಣಪಯ್ಯನ ಎಡಗೈ

ಕೈಗುಣ ಎನ್ನುವುದನ್ನು ನಾನು ನಂಬುತ್ತಿರಲಿಲ್ಲ. ಸೂಜಿ ಚೂಪಾಗಿದ್ದು, ನರ ಎಲ್ಲಿದೆಯೆಂದು ಗೊತ್ತಿದ್ದರೆ ಯಾರ ಕೈಯಾದರೇನು ಎಂದು ವಾದಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ವಾದವೆಲ್ಲ ಗಣಪಯ್ಯನ ಮೇಲಿನ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು.

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟಾದ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ರೋಗಿಗಳ ರಕ್ತ ತೆಗೆಯುವುದು ನಮ್ಮಿಬ್ಬರ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಕಲಿತು ಸರ್ಟಿಫಿಕೇಟು ತಂದವನು. ಅವನು ಸಿರಿಂಜು ಕುದಿಸುತ್ತ, ಸೂಜಿ ಮಸೆಯುತ್ತ, ನೋಡಿ ಕಲಿತವನು, ಮೇಲಾಗಿ ಎಡಚ. ಎಡಗೈಯಲ್ಲಿ ಎಲೆ-ಅಡಿಕೆ ಕೊಟ್ಟರೆ ಮುಟ್ಟದ ನಮ್ಮ ಜನ, ರಕ್ತ ಕೊಡಲು ಮಾತ್ರ ಅವನ ಎಡಗೈಯನ್ನೇ ಕೇಳುತ್ತಿದ್ದರು. ಮಿರ್ಜಾನದ ಅಜ್ಜಿಯೊಬ್ಬಳಂತೂ ನಾನು ತೋಳು ಹಿಡಿದೊಡನೆ, "ನೀ ಬ್ಯಾಡ ತಮ್ಮಾ, ಆ ಎಡಚ ಬರ್ಲಿ. ನಾ ಕಾಯ್ತೆ" ಎಂದು ಕೈ ಎಳೆದುಕೊಂಡಳು. ನನ್ನ ಸರ್ಟಿಫಿಕೇಟನ್ನು ಉಪ್ಪು ಹಾಕಿಕೊಂಡು ನೆಕ್ಕಬೇಕೇ? ಆ ದಿನ ನನಗೆ ಊಟ ಸೇರಲಿಲ್ಲ.

ಒಂದು ಸಲ ಗಣಪಯ್ಯ ರಜೆ ಹಾಕಿ ಮಾವಳ್ಳಿಯ ಮಾವನ ಮನೆಗೆ ಹೋದ. ಸದ್ಯ, ಎರಡು ದಿನ ನನ್ನದೇ ರಾಜ್ಯ ಎಂದುಕೊಂಡೆ. ಮರುದಿನ ಮಧ್ಯಾಹ್ನ, ಹೆರಿಗೆಯಾಗಿ ರಕ್ತಸ್ರಾವ ನಿಲ್ಲದ ಹೆಂಗಸೊಬ್ಬಳನ್ನು ಧಾರೇಶ್ವರದಿಂದ ಗಾಡಿಯಲ್ಲಿ ತಂದರು. ಗಂಡ ರಕ್ತ ಕೊಡಲು ತಯಾರಿದ್ದ. ಆದರೆ ಇಬ್ಬರದೂ ಹೊಂದುತ್ತದೆಯೇ ಎಂದು ನೋಡಲು ಮೊದಲು ಅವಳ ರಕ್ತ ಬೇಕು. ಅವಳ ನರಗಳೆಲ್ಲ ಬತ್ತಿಹೋಗಿದ್ದವು. ಮೂರು ಸಲ ಚುಚ್ಚಿದೆ. ಒಂದು ಹನಿಯೂ ಬರಲಿಲ್ಲ. ಡಾಕ್ಟರು ತಮ್ಮಷ್ಟಕ್ಕೇ, "ಇವತ್ತೇ ಗಣಪಯ್ಯ ಇಲ್ಲ ನೋಡು" ಎಂದರು. ಎದುರಿಗೆ ಜೀವ ಹೋಗುತ್ತಿದೆ, ನನಗೆ ಆ ಹೆಸರು ಕೇಳಿ ಮೈಯೆಲ್ಲ ಉರಿಯಿತು.

ಮುಂದಿನದನ್ನು ಇದ್ದಂತೆ ಹೇಳುತ್ತೇನೆ; ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಎಡಗೈ ತಾನಾಗಿ ಸಿರಿಂಜನ್ನು ಎತ್ತಿಕೊಂಡಿತು. ಆ ಕೈಯಲ್ಲಿ ನಾನು ಪೆನ್ಸಿಲನ್ನೂ ಹಿಡಿದವನಲ್ಲ. ಸೂಜಿ ನೇರ ನರಕ್ಕೆ ಹೋಯಿತು, ರಕ್ತ ಬಂತು. ಕಣ್ಣು ಮುಚ್ಚಿಕೊಂಡೇ ಅವಳು, "ಎಂತದೂ ನೋಯ್ಲಿಲ್ಲ" ಎಂದಳು. ಅಲ್ಲಿಯವರೆಗೆ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಹೆಂಗಸು ಬದುಕಿದಳು. ಡಾಕ್ಟರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಮಾರನೆಯ ಬೆಳಿಗ್ಗೆ ಗಣಪಯ್ಯ ಬಂದ. ಯಾರೂ ಏನೂ ಹೇಳುವ ಮೊದಲೇ, ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಶುರುಮಾಡಿದ: "ನಿನ್ನೆ ಎಂತ ಆತು ಗೊತ್ತಿದ್ಯಾ ಮಾರಾಯಾ? ಮಾವನ ಮನೆ ಬಾವೀಲಿ ನೀರು ಸೇದ್ತಾ ಇದ್ದೆ. ಮೂರು ಗಂಟೆ ಆಗಿತ್ತೇನೋ. ಎಡಗೈ ಒಮ್ಮೆಲೇ ನಂದಲ್ಲ ಅನ್ನೋ ಹಾಂಗೆ ಆಗಿ ಕೊಡಪಾನ ಬಾವಿಗೆ ಬಿತ್ತು. ಮಾವ ನಗಾಡಿದ್ರು."

ನಾನೂ ನಕ್ಕೆ. ನನ್ನ ಕೈಯ ಸಂಗತಿ ಹೇಳಲಿಲ್ಲ. ಆಮೇಲೆ ಕದ್ದುಮುಚ್ಚಿ ಎಷ್ಟು ಸಲ ಪ್ರಯತ್ನಿಸಿದರೂ ನನ್ನ ಎಡಗೈ ಸಿರಿಂಜನ್ನು ನೆಟ್ಟಗೆ ಹಿಡಿಯಲೂ ಇಲ್ಲ. ಕಾಕತಾಳೀಯವೋ ಮತ್ತೊಂದೋ, ನನಗೆ ಇಂದಿಗೂ ತಿಳಿದಿಲ್ಲ. ಇಡೀ ನೌಕರಿಯಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಶಭಾಷ್. ಅದೂ ಅವನದೇ ಇರಬಹುದೆಂದು ನೆನೆದರೆ, ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ.