ಮಂಗೈ ಟೀಚರ ಸೈಕಲ್ ಹ್ಯಾಂಡಲ್

ಜಾಫ್ನಾದ ಕೊಕ್ಕುವಿಲ್ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಗೈ ಟೀಚರ ಅಂಗಳದಲ್ಲಿ ಕದಿರೇಸು ಸೈಕಲ್ಲಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ಹ್ಯಾಂಡಲನ್ನೇ ದಿಟ್ಟಿಸುತ್ತಿದ್ದಾರೆ. ನಿನ್ನೆ ತಾವೇ ನಾಲ್ಕು ಬೆರಳು ಎತ್ತರಿಸಿ ಹೋದದ್ದು ಇವತ್ತು ಮತ್ತೆ ತಳಕ್ಕೆ ಕೂತಿದೆ. ಹೀಗಾಗುತ್ತಿರುವುದು ಮೊದಲ ಸಲವೂ ಅಲ್ಲ.

ಮನೆಮನೆಗೆ ಹೋಗಿ ಸೈಕಲ್ ಹ್ಯಾಂಡಲ್ ಹೊಂದಿಸಿಕೊಡುವ ಕದಿರೇಸುಗೆ ಅಂಗಡಿಯಿಲ್ಲ. ಒಂದು ಸ್ಪ್ಯಾನರು, ಒಂದು ಹುಣಿಸೆ ಮರದ ಕೊಡತಿ, ದಿನಕ್ಕೆ ಆರೇಳು ಮನೆ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಊರಿಗೆ ಊರೇ ಸೈಕಲ್ ಹತ್ತಿದಾಗ ಕಲಿತ ಕೆಲಸವಿದು. ಓಡಿಸುವವರನ್ನು ಸೀಟಿನ ಮೇಲೆ ಕೂರಿಸಿ ಬೆನ್ನು ಎಷ್ಟು ಬಗ್ಗುತ್ತದೆಂದು ನೋಡುತ್ತಾರೆ. ಹ್ಯಾಂಡಲಿನ ನೆತ್ತಿಯ ಬೋಲ್ಟು ಸಡಿಲಿಸಿ, ಕೊಡತಿಯಿಂದ ಒಂದು ಏಟು ಹಾಕಿದರೆ ಒಳಗಿನ ಬೆಣೆ ಬಿಟ್ಟುಕೊಳ್ಳುತ್ತದೆ. ಬೇಕಾದಷ್ಟು ಎತ್ತಿ, ಚಕ್ರಕ್ಕೆ ನೇರ ಹಿಡಿದು ಬಿಗಿಯುತ್ತಾರೆ. "ಬಿಗಿ ಸಾಲದಿದ್ರೆ ತಿರುವಿನಲ್ಲಿ ಹ್ಯಾಂಡಲ್ ಒಂದ್ಕಡೆ, ಚಕ್ರ ಒಂದ್ಕಡೆ. ಹಲ್ಲು ಹೋಗೋದು ಅವರ್ದು, ಹೆಸ್ರು ಹೋಗೋದು ನಂದು" ಎನ್ನುತ್ತಾರೆ.

ಅದಕ್ಕೇ ಅವರ ತಲೆ ಕೆಟ್ಟಿದೆ. ಬೆನ್ನು ಬಗ್ಗದ ಟೀಚರಿಗೆ ಹ್ಯಾಂಡಲ್ ಮೇಲಿದ್ದರೇನೇ ಸವಾರಿ. ತನ್ನ ಕೈಯ ಹಿಡಿತವೇ ಹೋಯಿತೇ? ಹೋಗಿದ್ದರೆ ಇವತ್ತೇ ಸ್ಪ್ಯಾನರು ಮೂಲೆಗಿಡುತ್ತೇನೆಂದು ಹೆಂಡತಿಗೆ ಹೇಳಿಯೇ ಹೊರಟಿದ್ದಾರೆ. ಆದರೆ ತಾನಾಗಿ ಜಾರಿದ ಹ್ಯಾಂಡಲ್ ಸೊಟ್ಟಗಿರಬೇಕಲ್ಲ? ಇದು ನೂಲು ಹಿಡಿದಷ್ಟು ನೇರವಾಗಿದೆ. ಯಾರೋ ಬೇಕೆಂದೇ ಬೋಲ್ಟು ಸಡಿಲಿಸದೆ ಹೀಗೆ ಇಳಿಯುವುದಿಲ್ಲ. ಹೀಗೂ ಉಂಟೇ ಎಂದು ಅವರು ತಲೆ ಕೆರೆದುಕೊಳ್ಳುತ್ತಾರೆ.

ತಾಳೆಬೆಲ್ಲದ ತುಂಡಿನೊಂದಿಗೆ ಚಹಾ ತಂದ ಟೀಚರಿಗೂ ಏನೂ ತಿಳಿಯದು. ಅಷ್ಟರಲ್ಲಿ ಜಗಲಿಯ ಮೇಲೆ ಪೇಪರಿನ ಹಿಂದಿನಿಂದ ಕೆಮ್ಮು ಕೇಳಿಸುತ್ತದೆ. ಅದು ಟೀಚರ ಗಂಡ ಶಿವಗುರು. ಹೆಂಡತಿಗಿಂತ ಒಂದು ಗೇಣು ಕುಳ್ಳು. ಮದುವೆಯ ಫೋಟೋವನ್ನೂ ಕುರ್ಚಿಯಲ್ಲಿ ಕೂತೇ ನಿಭಾಯಿಸಿದವರು. ಸಂಜೆ ವಾಚನಾಲಯಕ್ಕೆ ಹೋಗಲು ಅವರಿಗೂ ಇದೇ ಸೈಕಲ್.

"ಇಳಿಸಿದ್ದು ನಾನೇ ಕಣಪ್ಪಾ. ಎಮ್ಮೆ ಕೊಂಬು ಹಿಡ್ಕೊಂಡ ಹಾಗಾಗ್ತಿತ್ತು. ಎಟಕಲ್ಲ ಅಂತ ಇವಳ ಹತ್ರ ಹೇಗೆ ಹೇಳ್ಲಿ?"

"ಮದುವೆಯಾದಾಗಿಂದ ನೋಡ್ತಿದೀನಿ ನಿಮ್ಮ ಎತ್ತರಾನ," ಟೀಚರು ಗಂಡನ ಕೈಗೂ ಒಂದು ಲೋಟ ಕೊಡುತ್ತಾರೆ. "ಈಗೇನು ಹೊಸದಾಗಿ ಮುಚ್ಚಿಡೋದು?"

ನಗಬೇಕೋ ಬೈಯಬೇಕೋ ಕದಿರೇಸುಗೆ ತಿಳಿಯುವುದಿಲ್ಲ. ಇಷ್ಟು ನೇರವಾಗಿ ಕೂರಿಸುವುದನ್ನು ಯಾರು ಕಲಿಸಿದರೆಂದು ಕೇಳುತ್ತಾರೆ.

"ನೀನೇ. ಕರ್ಫ್ಯೂ ಹಾಕಿದ್ದಾಗ, ಇದೇ ಅಂಗಳದಲ್ಲಿ. ಮರೆತ್ಯಾ?"

ಮರೆತೇ ಹೋಗಿತ್ತು. ಕದಿರೇಸು ಹ್ಯಾಂಡಲಿನ ಕೊಳವೆಯ ಮೇಲೆ ಮೊಳೆಯಿಂದ ಎರಡು ಗೆರೆ ಗೀಚುತ್ತಾರೆ, ಬೆಳಗ್ಗೆ ಟೀಚರ ಎತ್ತರಕ್ಕೊಂದು, ಸಂಜೆ ಗಂಡನ ಎತ್ತರಕ್ಕೊಂದು. ಆಮೇಲೆ ಸ್ಪ್ಯಾನರನ್ನು ಶಿವಗುರುವಿನ ಕೈಗೇ ಕೊಟ್ಟು, ಟೀಚರ ಗೆರೆಗೆ ಏರಿಸಿ ಬಿಗಿಯಲು ಹೇಳಿ, ಪಕ್ಕದಲ್ಲಿ ನಿಂತು ನೋಡುತ್ತಾರೆ.

"ನನ್ನ ಕೈ ಹೋಯ್ತು ಅಂತ ಹೆದರಿದ್ದೆ ಅಯ್ಯಾ," ಎನ್ನುತ್ತಾರೆ. "ಹೋದ್ರೂ ಚಿಂತೆಯಿಲ್ಲ, ನಾನು ಕಲಿಸಿದ ಕೈ ಇಲ್ಲೊಂದು ಉಳ್ಕೊಂಡಿದೆ."