ಹಳೇಬೀಡಿನ ಮೇಲ್ ಬೇಲೂರಿಗೆ ಹೋದ ವರ್ಷ

೨೦೦೮ರಲ್ಲಿ ನಾನು ಅರಸೀಕೆರೆಯ ಒಂದು ಸಣ್ಣ ಇಂಟರ್‌ನೆಟ್ ಸೇವಾ ಸಂಸ್ಥೆಯಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಬಾಣಾವರದ ಮನೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಬೇಲೂರು, ಹಳೇಬೀಡು, ಜಾವಗಲ್ ಕಡೆಯ ಅಂಗಡಿ, ಲಾಡ್ಜ್, ಸಂಘಗಳಿಗೆ ನಾವು ಸಂಪರ್ಕ ಕೊಡುತ್ತಿದ್ದೆವು, ವೆಬ್‌ಸೈಟ್ ಮತ್ತು ಇ-ಮೇಲ್ ನೋಡಿಕೊಳ್ಳುತ್ತಿದ್ದೆವು. ಇವೆಲ್ಲ ಇದ್ದದ್ದು ಎಲ್ಲೋ ದೂರದ ಬಾಡಿಗೆ ಸರ್ವರ್‌ಗಳಲ್ಲಿ. ಅದಕ್ಕೆ ಕ್ಲೌಡ್ ಎಂಬ ಹೆಸರು ಆಗಷ್ಟೇ ಚಾಲ್ತಿಗೆ ಬರುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಜನರೇಟರ್‌ನ ಹಗ್ಗ ಎಳೆಯುತ್ತಿದ್ದ ನಮಗೆ ಆ ಮಾತು ಕೇಳಿದರೆ ನಗು ಬರುತ್ತಿತ್ತು.

ಎಲ್ಲವನ್ನೂ ಒಂದೇ ಪರದೆಯಲ್ಲಿ ಕಾಣುವಂತೆ ನಾವೇ ಒಂದು ಕನ್ಸೋಲ್ ಕಟ್ಟಿದ್ದೆವು. ಸರ್ವರ್ ಸರಿಯಿದ್ದರೆ ಹಸಿರು, ನಿಧಾನವಾದರೆ ಹಳದಿ, ಕೆಟ್ಟರೆ ಕೆಂಪು. ಗ್ರಾಹಕರ ಡಿಎನ್‌ಎಸ್ ರೆಕಾರ್ಡುಗಳೂ ಅಲ್ಲಿಯೇ ಇದ್ದವು. ಡಿಎನ್‌ಎಸ್ ಎಂದರೆ ಹೆಸರು ಹೇಳಿದರೆ ಮನೆ ತೋರಿಸುವ ವ್ಯವಸ್ಥೆ. ಆ ಹೆಸರಿಗೆ ಬಂದ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಸಾಲಿಗೆ ಎಂಎಕ್ಸ್ ರೆಕಾರ್ಡ್ ಎನ್ನುತ್ತಾರೆ.

ನಾವು ಎಂದರೆ ನಾನು ಮತ್ತು ರುದ್ರೇಶ್. ವಯಸ್ಸಿನಲ್ಲಿ ನನಗಿಂತ ಹಿರಿಯರು. ಕೇಬಲ್‌ಗೆ ತುದಿ ಹಾಕುವುದನ್ನೂ ನನಗೆ ಕಲಿಸಿದವರು ಅವರೇ. ಹೆಣ್ಣುಮಗಳು ಟವರ್ ಹತ್ತಿರ ಹೋಗುವುದು ಬೇಡ ಎಂದು ಮಾಲೀಕರು ತಕರಾರು ತೆಗೆದಾಗ ನನ್ನ ಪರವಾಗಿ ನಿಂತವರೂ ಅವರೇ. ರುದ್ರಣ್ಣ ಎಂದೇ ಕರೆಯುತ್ತಿದ್ದೆ, ಬಾಯಿಮಾತಿಗಲ್ಲ. ಇಬ್ಬರಿಗೂ ಒಂದೇ ಮೇಜು, ಒಂದೇ ಪಾಸ್‌ವರ್ಡ್. ರೆಕಾರ್ಡ್ ಬದಲಾಯಿಸಿದವರು ಎದುರಿನವರಿಗೆ ಗಟ್ಟಿಯಾಗಿ ಹೇಳಿಬಿಡುವುದು ನಮ್ಮ ಪದ್ಧತಿ. ಬರೆದಿಡುತ್ತಿರಲಿಲ್ಲ. ಬೇರೆ ಬೇರೆ ಪಾಸ್‌ವರ್ಡ್ ಮಾಡೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಒಂದೇ ಮನೇಲಿ ಯಾರಿಗೆ ಯಾರು ಬೀಗ ಹಾಕ್ಕೊಳ್ಳೋದಮ್ಮ ಸವಿತಾ?" ಎಂದಿದ್ದರು. ನನಗೇ ನಾಚಿಕೆಯಾಗಿತ್ತು.

ಹಳೇಬೀಡಿನ ಶಿಲ್ಪಿಗಳ ಗುಂಪೊಂದು ನಮ್ಮ ಗ್ರಾಹಕರು. ಬಳಪದ ಕಲ್ಲಿನಲ್ಲಿ ಮೂರ್ತಿ ಕೆತ್ತುವ ನಾಲ್ಕಾರು ಮನೆಯವರು. ಅವರ ಪರವಾಗಿ ಓಡಾಡುತ್ತಿದ್ದವರು ಮಂಜಾಚಾರ್. ಹೊರ ದೇಶದವರು ವೆಬ್‌ಸೈಟ್ ನೋಡಿ ಮೇಲ್ ಬರೆಯುತ್ತಿದ್ದರು. ಮಂಜಾಚಾರ್ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಉತ್ತರ ಬರೆಸುತ್ತಿದ್ದರು. ಮಧ್ಯೆ ದಲ್ಲಾಳಿಯಿಲ್ಲದೆ ಅವರಿಗೆ ಕೆಲಸ ಸಿಗುತ್ತಿದ್ದದ್ದು ಅದೊಂದೇ ದಾರಿಯಲ್ಲಿ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ನಮ್ಮ ಆಫೀಸಿಗೆ ಬಂದರು. ಮೇಲ್ ಬರುವುದೇ ನಿಂತುಹೋಗಿದೆ, ಏನಾದರೂ ಕೆಟ್ಟಿದೆಯಾ ಎಂದು ಕೇಳಿದರು. ರುದ್ರಣ್ಣ ಟೀ ತರಿಸಿಕೊಟ್ಟರು. ಮಾನಿಟರನ್ನು ಅವರ ಕಡೆಗೆ ತಿರುಗಿಸಿ, "ನೋಡಿ ಆಚಾರ್ರೇ, ಎಲ್ಲಾ ಹಸಿರೇ ಐತೆ. ನಮ್ ಕಡೆ ಏನೂ ತೊಂದ್ರೆ ಇಲ್ಲ. ಗಿರಾಕಿ ಬರೀಬೇಕಲ್ಲ" ಎಂದರು. ಮಂಜಾಚಾರ್ ತಲೆಯಾಡಿಸಿ ಹೊರಟುಹೋದರು.

ಕೆಲವು ವಾರಗಳ ಮೇಲೆ ಬೇರೆ ಕೆಲಸಕ್ಕೆ ಹಳೇಬೀಡಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕಿದರು. ಮುಖ ಇಳಿದುಹೋಗಿತ್ತು.

"ಕಾಳಾಚಾರ್ರಿಗೆ ಕಣ್ಣು ಮಂಜಾಗೈತೆ ಕಣ್ರೀ, ಮೂರ್ತಿ ಮುಖ ಮೊದ್ಲಿನಂಗೆ ಬತ್ತಿಲ್ಲ ಅಂತ ಕಾಣ್ತದೆ. ಅದ್ಕೇ ಗಿರಾಕಿ ಬಿಟ್ರು ಅಂತ ನಾವೇ ಅವ್ರನ್ನ ಕೆಲ್ಸ ಬಿಡ್ಸಿ ಕೂರಿಸ್ಬಿಟ್ವಿ. ಬೇಲೂರಿನ ಅಂಗಡಿಯೋರೊಬ್ರು ಬಂದು, ಅವ್ರು ಹೇಳಿದ ರೇಟಿಗೆ ತಗಂಡು ಹೋಗ್ತಾರೆ. ಪುಣ್ಯಾತ್ಮ. ಅವ್ರೂ ಇಲ್ದಿದ್ರೆ ಉಳಿ ಕೆಳಗಿಡ್ಬೇಕಾಗಿತ್ತು."

ಕಾಳಾಚಾರ್ ಎಂದರೆ ಮಂಜಾಚಾರ್ ದೊಡ್ಡಪ್ಪ. ದೇವರ ಮುಖ ತಿದ್ದುವುದು ಆ ಗುಂಪಿನಲ್ಲಿ ಅವರೊಬ್ಬರದೇ ಕೆಲಸ. ಅಷ್ಟರಲ್ಲಿ ನನ್ನ ಬಸ್ ಬಂತು. ಹತ್ತುತ್ತಿದ್ದಾಗ ಅವರು ನಗುವುದಕ್ಕೆಂದು ಒಂದು ಮಾತು ಸೇರಿಸಿದರು: "ಲಾಟ್ರಿ ಹೊಡ್ದೈತೆ ಅಂತ ಇಂಗ್ಲಿಷ್ನಾಗೆ ಮೇಲ್ ಬತ್ತಿದ್ವಲ್ಲ, ಅವ್ರೂ ನಮ್ಮನ್ನ ಮರ್ತವ್ರೆ."

ಬಸ್ಸು ಜಾವಗಲ್ ದಾಟುವವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಗಿರಾಕಿ ಮರೆಯಬಹುದು. ಆದರೆ ಲಾಟರಿಯ ಕಳ್ಳಮೇಲ್ ಯಾರ ಮನೆಗೂ ಬರುವುದು ನಿಲ್ಲುವುದಿಲ್ಲ. ಅದೂ ಬರುತ್ತಿಲ್ಲವೆಂದರೆ ಆ ಪೆಟ್ಟಿಗೆಗೆ ಏನೂ ತಲುಪುತ್ತಿಲ್ಲ ಎಂದೇ ಅರ್ಥ.

ಊರಿಗೆ ಬಂದವಳೇ ಬೇರೊಂದು ಹೆಸರಿನಲ್ಲಿ ಶಿಲ್ಪಿಗಳ ವಿಳಾಸಕ್ಕೆ, ಒಂದು ಗಣಪತಿ ಬೇಕಿತ್ತು ಎಂದು ಮೇಲ್ ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು, ಬೇಲೂರಿನ ಒಂದು ಕರಕುಶಲ ಮಳಿಗೆಯಿಂದ. ಹಳೇಬೀಡಿನ ಶಿಲ್ಪಿಗಳು ಕೆಲಸ ನಿಲ್ಲಿಸಿದ್ದಾರೆ, ಅಂಥದ್ದೇ ಮೂರ್ತಿಯನ್ನು ನಾವು ಕಳಿಸುತ್ತೇವೆ ಎಂದು ಬರೆದಿತ್ತು. ಮಳಿಗೆಯ ಹೆಸರನ್ನು ಮತ್ತೊಮ್ಮೆ ಓದಿದೆ. ಅದು ರುದ್ರಣ್ಣನ ಬಾಮೈದನದು. ಅದರ ಪೂಜೆಗೆ ನಾನೂ ಹೋಗಿ ಊಟ ಮಾಡಿ ಬಂದಿದ್ದೆ.

ಮರುದಿನ ಆಫೀಸಿನಲ್ಲಿ ರೆಕಾರ್ಡ್ ತೆರೆದೆ. ಎಂಎಕ್ಸ್ ಸಾಲಿನಲ್ಲಿ ನಮ್ಮ ಮೇಲ್ ಸರ್ವರ್ ಇರಲಿಲ್ಲ, ಮಳಿಗೆಯದಿತ್ತು. ಅದೂ ಉತ್ತರ ಕೊಡುವ ಸರ್ವರ್ ಆದ್ದರಿಂದ ನಮ್ಮ ಕನ್ಸೋಲ್ ಹಸಿರು ತೋರಿಸುತ್ತಲೇ ಇತ್ತು. ಎದುರಿಗೆ ರುದ್ರಣ್ಣ ಪೇಪರ್ ಓದುತ್ತಿದ್ದರು. ಸಾಲನ್ನು ಮೊದಲಿನಂತೆ ತಿದ್ದಿದೆ. ಆಮೇಲೆ ನಮ್ಮ ಪದ್ಧತಿಯಂತೆಯೇ ಗಟ್ಟಿಯಾಗಿ ಹೇಳಿದೆ:

"ಹಳೇಬೀಡಿನ ಎಂಎಕ್ಸ್ ಬದಲಾಯಿಸಿದೆ, ರುದ್ರಣ್ಣ."

ಪೇಪರ್ ಇಳಿಸಲಿಲ್ಲ. ಅದರ ಹಿಂದಿನಿಂದಲೇ, "ನಿಂಗೆ ಹೇಳ್ಬೇಕು ಅಂತಲೇ ಇದ್ದೆ ಕಣಮ್ಮ. ಬಾಮೈದ ಅಂಗಡಿ ಮುಚ್ಚೋ ಹಂಗಾಗಿದ್ದ. ಅವರ ಹತ್ರಾನೇ ತಾನೆ ಅವನು ಕೊಂಡ್ಕೊಳ್ಳೋದು? ಯಾರ ಹೊಟ್ಟೆ ಮೇಲೂ ಹೊಡೀಲಿಲ್ಲ" ಎಂದರು.

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅನ್ಯಾಯ ಮಾಡಿದ್ದು ಒಂದಾದರೆ, ನಾವಿಬ್ಬರೂ ಕೂತು ಕಟ್ಟಿದ ಪರದೆಯನ್ನೇ ಆ ಮನುಷ್ಯನ ಮುಂದೆ ತಿರುಗಿಸಿ ಸುಳ್ಳಿಗೆ ಸಾಕ್ಷಿ ಮಾಡಿದ್ದು ಇನ್ನೊಂದು. ನಾನು ಪಕ್ಕದಲ್ಲೇ ಇದ್ದೆ. ನನ್ನನ್ನೂ ಸಾಕ್ಷಿಗೆ ಬಳಸಿಕೊಂಡಿದ್ದರು. ಮತ್ತೆ ಅವರನ್ನು ಅಣ್ಣ ಎಂದು ಕರೆಯಲು ನನ್ನಿಂದಾಗಲಿಲ್ಲ. ಮಾಲೀಕರಿಗೆ ಹೇಳಿದಾಗ, ವಿಷಯ ಹೊರಗೆ ಹೋದರೆ ಸಂಸ್ಥೆಯ ಹೆಸರು ಕೆಡುತ್ತದೆ, ಸರಿ ಮಾಡಿದ್ದೀಯಲ್ಲ, ಸುಮ್ಮನಿರು ಎಂದರು. ನಾನು ಸುಮ್ಮನಿರಲಿಲ್ಲ. ಹಳೇಬೀಡಿನ ಬಸ್ ಹತ್ತಿದೆ.

ಮಂಜಾಚಾರ್ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಒಳಗಿದ್ದ ದೊಡ್ಡಪ್ಪನನ್ನು ಕೈಹಿಡಿದು ಕರೆತಂದು ನನ್ನೆದುರು ಕೂರಿಸಿ, "ಇನ್ನೊಂದ್ಸಲ ಹೇಳಿ ಮೇಡಂ, ಅವ್ರಿಗೇ ಹೇಳಿ" ಎಂದರು. ಹೇಳಿದೆ. ಸರ್ವರ್, ರೆಕಾರ್ಡ್ ಯಾವುದೂ ಕಾಳಾಚಾರಿಗೆ ಬೇಕಿರಲಿಲ್ಲ.

"ಹಂಗಾದ್ರೆ ಮುಖ ಸರಿಯಾಗೇ ಬತ್ತಿತ್ತಾ?" ಎಂದು ಕೇಳಿದರು.

"ಸರಿಯಾಗೇ ಬರ್ತಿತ್ತು, ಯಜಮಾನ್ರೇ. ಯಾರೂ ಬೇಡ ಅಂದಿರಲಿಲ್ಲ" ಎಂದೆ. ಅವರು ಮಂಜಾಚಾರ್ ಕಡೆ ತಿರುಗಲಿಲ್ಲ. ಮಂಜಾಚಾರ್ ಎದ್ದು ಹಿತ್ತಿಲಿಗೆ ಹೋದರು.

ಸ್ವಲ್ಪ ದಿನಕ್ಕೆ ರುದ್ರೇಶ್ ತಾವಾಗಿ ಕೆಲಸ ಬಿಟ್ಟರು. ಕನ್ಸೋಲನ್ನು ನಾನು ಹೊಸದಾಗಿ ಕಟ್ಟಿದೆ. ಪ್ರತಿ ರೆಕಾರ್ಡ್ ಹೇಗಿರಬೇಕೆಂದು ಗ್ರಾಹಕರಿಂದಲೇ ಕೇಳಿ ಬೇರೆ ಕಡೆ ಇಟ್ಟು, ಇರುವುದಕ್ಕೂ ಇರಬೇಕಾದ್ದಕ್ಕೂ ತಾಳೆಯಾಗದಿದ್ದರೆ ಕೆಂಪು ಹತ್ತುವಂತೆ ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಬದಲಾಯಿಸಿದವರ ಹೆಸರು ತಾನಾಗಿ ದಾಖಲು. ಹೊಸದಾಗಿ ಸೇರಿದವರು "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದರೆ ಇಲ್ಲ ಎಂದು ನೇರವಾಗಿ ಹೇಳುತ್ತಿದ್ದೆ. ಸರ್ವರ್ ಉತ್ತರ ಕೊಡುತ್ತಿದೆಯೇ ಎಂದು ನೋಡಿದರೆ ಸಾಲದು, ಯಾರ ಪರವಾಗಿ ಕೊಡುತ್ತಿದೆ ಎಂದೂ ನೋಡಬೇಕೆಂದು ಆ ಕೆಲಸ ನನಗೆ ಕಲಿಸಿತು.

ಹಳೇಬೀಡಿಗೆ ಮೇಲ್ ಮತ್ತೆ ಬರತೊಡಗಿತು. ರೆಕಾರ್ಡ್ ಸರಿಮಾಡಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಕಾಳಾಚಾರ್ ಮಾತ್ರ ಆಮೇಲೆ ಮುಖ ಕೆತ್ತಲಿಲ್ಲ. ಎಷ್ಟು ಬಲವಂತ ಮಾಡಿದರೂ, ಕೈ ಹೆದರುತ್ತದೆ ಎನ್ನುತ್ತಿದ್ದರಂತೆ.